ಸವನ್ನಾ ಉಡ ಬುಸುಗುಟ್ಟುವುದು ಯಜಮಾನಿಕೆಗಾಗಿಯೋ, ಭಯದಿಂದಲೋ?

ಪ್ರಶ್ನೆ: ಟೆಕ್ಸಾಸ್ ಕನ್ನಡಿಗ

ಹಿಂದಿನ ಮಾಲೀಕರು ಸಾಕಲಾರದೆ ಬಿಟ್ಟುಕೊಟ್ಟ, ಸುಮಾರು ಮೂರು ಅಡಿ ಉದ್ದದ ಸವನ್ನಾ ಉಡವೊಂದನ್ನು (ಆಫ್ರಿಕಾದ ಹುಲ್ಲುಗಾವಲಿನ ಉಡದ ಜಾತಿ) ಇತ್ತೀಚೆಗೆ ಮನೆಗೆ ತಂದಿದ್ದೇನೆ. ನೀರಿನ ಪಾತ್ರೆ ಬದಲಿಸಲು ಗೂಡಿನ ಬಾಗಿಲು ತೆರೆದೊಡನೆ ಅದು ಗಂಟಲನ್ನು ಉಬ್ಬಿಸಿ, ಪಕ್ಕೆಗಳಿಗೆ ಗಾಳಿ ತುಂಬಿಕೊಂಡು, ಮೈಯ ಒಂದು ಮಗ್ಗುಲನ್ನು ನನ್ನತ್ತ ತಿರುಗಿಸಿ ನಿಲ್ಲುತ್ತದೆ. ಆಮೇಲೆ ದೀರ್ಘವಾಗಿ ಬುಸುಗುಟ್ಟುತ್ತದೆ. ಕೈ ಇನ್ನೂ ಹತ್ತಿರ ಹೋದರೆ ಬಾಲ ಬೀಸುತ್ತದೆ. ಇದುವರೆಗೆ ಕಚ್ಚಿಲ್ಲ. ಇಲ್ಲಿನ ಕೆಲವು ಸಾಕಣೆದಾರರು, ಅದು ನನ್ನ ಮೇಲೆ ಯಜಮಾನಿಕೆ ನಡೆಸಲು ನೋಡುತ್ತಿದೆಯೆಂದೂ, ಕುತ್ತಿಗೆ ಒತ್ತಿ ಹಿಡಿದು ಅದು ಸುಮ್ಮನಾಗುವವರೆಗೆ ಬಿಡಬಾರದೆಂದೂ ಹೇಳುತ್ತಾರೆ. ಇದು ಸರಿಯೇ? ಜೊತೆಗೆ ಇನ್ನೊಂದು ಉಡವನ್ನು ತಂದರೆ ಇದರ ಸ್ವಭಾವ ಮೆತ್ತಗಾದೀತೇ?

ಉತ್ತರ: ಸರೀಸೃಪ ಪಾಲಕ

ದಯವಿಟ್ಟು ಒತ್ತಿ ಹಿಡಿಯಬೇಡಿ. ನೀವು ವರ್ಣಿಸಿದ ಒಂದೊಂದು ಚರ್ಯೆಯೂ ಬೇಟೆಗಾರನನ್ನು ದೂರವಿಡಲು ಉಡ ಬಳಸುವ ಹುಸಿ ಬೆದರಿಕೆಯೇ ಹೊರತು ನಿಮ್ಮನ್ನು ಅಧೀನಕ್ಕೆ ತರುವ ಪ್ರಯತ್ನವಲ್ಲ. ಗಂಟಲು ಮತ್ತು ಪಕ್ಕೆ ಉಬ್ಬಿಸಿ ಮಗ್ಗುಲು ತೋರುವುದು ಇದ್ದುದಕ್ಕಿಂತ ದೊಡ್ಡದಾಗಿ ಕಾಣಲಿಕ್ಕೆ. ಬುಸುಗುಟ್ಟುವುದು ಎರಡನೆಯ ಎಚ್ಚರಿಕೆ, ಬಾಲದ ಪೆಟ್ಟು ಮೂರನೆಯದು. ಕಚ್ಚುವುದನ್ನು ಅದು ಕೊನೆಗೆ ಇಟ್ಟುಕೊಂಡಿರುತ್ತದೆ, ಏಕೆಂದರೆ ತನಗಿಂತ ಹಲವು ಪಟ್ಟು ದೊಡ್ಡ ಪ್ರಾಣಿಯೊಡನೆ ಮೈಗೆ ಮೈ ತಾಗಿಸಿ ಹೋರಾಡುವುದು ಅದರ ಪ್ರಾಣಕ್ಕೇ ಅಪಾಯ. ಕಚ್ಚದೆ ಬಿಟ್ಟಿರುವುದೇ ಅದು ಜಗಳವನ್ನು ತಪ್ಪಿಸಲು ನೋಡುತ್ತಿದೆ ಎಂಬುದಕ್ಕೆ ಸಾಕ್ಷಿ.

ಒತ್ತಿ ಹಿಡಿದಾಗ ಅದು ಸುಮ್ಮನಾಗುವುದನ್ನು ಶರಣಾಗತಿಯೆಂದು ಭಾವಿಸುವುದು ಘೋರ ತಪ್ಪು. ತಪ್ಪಿಸಿಕೊಳ್ಳುವ ದಾರಿಯೇ ಇಲ್ಲವೆಂದಾದಾಗ ಸವನ್ನಾ ಉಡಗಳು ಸತ್ತಂತೆ ಬಿದ್ದುಕೊಳ್ಳುವುದೂ ಉಂಟು. ಆ ನಿಶ್ಚಲತೆಯ ಒಳಗಿರುವುದು ಪರಮ ಭಯ. ಹಾಗೆ ಪದೇ ಪದೇ ಮಾಡಿದರೆ, ಬುಸುಗುಟ್ಟಿ ಪ್ರಯೋಜನವಿಲ್ಲವೆಂದು ಕಲಿತ ಉಡ ಎಚ್ಚರಿಕೆ ಕೊಡದೆ ನೇರವಾಗಿ ಕಚ್ಚಲು ತೊಡಗಬಹುದು. ಕಚ್ಚಿದ ಉಡ ಬೇಗ ಬಿಡುವುದಿಲ್ಲ ಎಂಬುದನ್ನು ನಮ್ಮವರಿಗೆ ಹೇಳಬೇಕಾಗಿಲ್ಲ.

ಒಂದು ಮಾತು ಕೇಳಬೇಕು: ಅದು ಬಿಸಿಲು ಕಾಯಿಸಿಕೊಳ್ಳುವ ಜಾಗದ ಮೇಲ್ಮೈಯ ಉಷ್ಣತೆ ಎಷ್ಟಿದೆ?

ಉತ್ತರ: ಹೊಲದಂಚು

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಇದರಿಂದ ಬುಸುಗುಟ್ಟಿದ ಕೂಡಲೇ ಕೈ ಹಿಂದೆಗೆದುಕೊಳ್ಳಬೇಕೆಂಬ ತೀರ್ಮಾನಕ್ಕೆ ಬರಬಾರದು. ಪ್ರತಿ ಸಲವೂ ನೀವು ಥಟ್ಟನೆ ಹಿಂದೆ ಸರಿದರೆ, ಬೆದರಿಕೆ ಫಲಿಸಿತೆಂದು ಅದು ಕಲಿಯುತ್ತದೆ ಮತ್ತು ಮರುದಿನ ಇನ್ನೂ ಬೇಗ ಉಬ್ಬುತ್ತದೆ. ಮುಂದೆಯೂ ಹೋಗದೆ, ಹಿಂದೆಯೂ ಸರಿಯದೆ, ಇದ್ದಲ್ಲಿಯೇ ಅಲುಗಾಡದೆ ನಿಲ್ಲಿ. ಪಕ್ಕೆಗಳು ಇಳಿದು, ನಾಲಿಗೆ ಮತ್ತೆ ಹೊರಗೆ ಬಂದು ಗಾಳಿಯನ್ನು ಪರೀಕ್ಷಿಸಲು ಶುರುಮಾಡಿದ ಮೇಲೆ ಮೆಲ್ಲಗೆ ಹೊರಬನ್ನಿ. ನಾಲಿಗೆಯ ಚಲನೆಯೇ ನಿಮಗೆ ಸಿಗುವ ಅತ್ಯಂತ ನಂಬಿಕಸ್ಥ ಸುಳಿವು: ಕುತೂಹಲವಿರುವ ಉಡ ನಾಲಿಗೆ ಆಡಿಸುತ್ತಲೇ ಇರುತ್ತದೆ, ಹೆದರಿದ್ದು ಉಸಿರು ಬಿಗಿಹಿಡಿದು ನಿಟ್ಟಿಸುತ್ತದೆ.

ಕರ್ನಾಟಕದಲ್ಲಿರುವ ಓದುಗರು ಇದನ್ನು ಸಾಕುವ ಪ್ರೇರಣೆಯಾಗಿ ತೆಗೆದುಕೊಳ್ಳಬಾರದು. ನಮ್ಮ ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿದ್ದು, ಹಿಡಿಯುವುದೂ ಸಾಕುವುದೂ ಅಪರಾಧ. ಆದರೆ ಬದುವಿನ ಮೇಲೆ ನಾಯಿಗಳು ಸುತ್ತುವರಿದಾಗ ಅದೂ ಹೀಗೆಯೇ ಮೈಯುಬ್ಬಿಸಿ ನಿಲ್ಲುತ್ತದೆ, ಮತ್ತು ನಾಯಿಗಳ ನಡುವೆ ಒಂದಿಷ್ಟು ಜಾಗ ಸಿಕ್ಕರೆ ಸಾಕು, ಬೆದರಿಕೆಯನ್ನು ಅಷ್ಟಕ್ಕೇ ಬಿಟ್ಟು ಪೊದೆಯೊಳಕ್ಕೆ ನುಗ್ಗುತ್ತದೆ. ಗೂಡಿನೊಳಗಿನ ಉಡಕ್ಕೆ ಓಡಿಹೋಗುವ ಆ ಪೊದೆಯೇ ಇರುವುದಿಲ್ಲ.

ಉತ್ತರ: ಜೀವಶಾಸ್ತ್ರದ ಮೇಷ್ಟ್ರು

ಎರಡನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಯಜಮಾನಿಕೆ ಎಂಬುದು ಉಡಗಳಲ್ಲಿ ನಿಜವಾಗಿಯೂ ಇದೆ, ಆದರೆ ಅದು ಉಡ ಉಡಗಳ ನಡುವಿನ ವ್ಯವಹಾರ. ದೊಡ್ಡ ಜಾತಿಗಳ ಗಂಡುಗಳು ಹಿಂಗಾಲುಗಳ ಮೇಲೆ ಎದ್ದು, ಮುಂಗಾಲುಗಳಿಂದ ಪರಸ್ಪರ ತಬ್ಬಿ, ಎದುರಾಳಿಯನ್ನು ನೆಲಕ್ಕೆ ಕೆಡಹಲು ಕುಸ್ತಿಯಾಡುತ್ತವೆ. 1969-70ರಲ್ಲಿ ಇಂಡೋನೇಷ್ಯಾದ ಕೊಮೊಡೊ ದ್ವೀಪದಲ್ಲಿ ನೆಲೆಸಿ ಅಧ್ಯಯನ ನಡೆಸಿದ ವಾಲ್ಟರ್ ಆಫನ್‌ಬರ್ಗ್, ಅಲ್ಲಿನ ಉಡಗಳಲ್ಲಿ ಗಾತ್ರವೇ ಶ್ರೇಣಿಯನ್ನು ನಿರ್ಧರಿಸುವುದನ್ನು ವಿವರವಾಗಿ ದಾಖಲಿಸಿದರು. ಸತ್ತ ಪ್ರಾಣಿಯ ಬಳಿ ದೊಡ್ಡವು ಮೊದಲು ತಿನ್ನುತ್ತವೆ. ಚಿಕ್ಕವು ಬಾಲವನ್ನು ನೆಟ್ಟಗೆ ಚಾಚಿ, ಮೈಯನ್ನು ಅತ್ತಿತ್ತ ಬಾಗಿಸುತ್ತ, ಗಂಭೀರವಾದ ನಡಿಗೆಯಲ್ಲಿ ಸುತ್ತು ಹಾಕಿ ತಾವು ಎದುರಾಳಿಗಳಲ್ಲವೆಂದು ತಿಳಿಸುತ್ತವೆ. ಇಂಥ ಸಂಜ್ಞೆ ಕೊಟ್ಟು ದೂರ ಸರಿಯಲು ವಿಸ್ತಾರವಾದ ಜಾಗ ಬೇಕು. ಗಾಜಿನ ಗೂಡಿನಲ್ಲಿ ಸೋತ ಉಡ ಗೆದ್ದ ಉಡದ ಕಣ್ಣೆದುರಿನಿಂದ ಮರೆಯಾಗಲಾರದು. ಅದು ಮೇವು ಬಿಟ್ಟು, ಬಿಸಿ ಜಾಗಕ್ಕೆ ಬರಲಾರದೆ ಕೃಶವಾಗುತ್ತದೆ, ಇಲ್ಲವೇ ಗಾಯಗೊಳ್ಳುತ್ತದೆ. ಅದಲ್ಲದೆ ಸವನ್ನಾ ಉಡದಲ್ಲಿ ಗಂಡು ಹೆಣ್ಣನ್ನು ಹೊರನೋಟದಿಂದ ಗುರುತಿಸುವುದು ಬಹಳ ಕಷ್ಟ, ಹಾಗಾಗಿ ಎರಡೂ ಗಂಡೇ ಆಗಿಬಿಡಬಹುದು. ಎರಡನೆಯದನ್ನು ತರಬೇಡಿ.

ಟೆಕ್ಸಾಸ್ ಕನ್ನಡಿಗ

ಎಲ್ಲರಿಗೂ ಕೃತಜ್ಞತೆಗಳು. ದೀಪದ ಕೆಳಗಿನ ಕಲ್ಲಿನ ಮೇಲ್ಮೈ 36 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದೆ. ನೆಲಕ್ಕೆ ಮರದ ಚೂರುಗಳನ್ನು ತೆಳ್ಳಗೆ ಹಾಸಲಾಗಿದೆ. ಇದಕ್ಕೂ ಅದರ ಸಿಟ್ಟಿಗೂ ಸಂಬಂಧವಿದೆಯೇ?

ಉತ್ತರ: ಸರೀಸೃಪ ಪಾಲಕ

ಖಂಡಿತ ಇದೆ. 1982ರಲ್ಲಿ ಹರ್ಟ್ಸ್, ಹ್ಯೂಯ್ ಮತ್ತು ನೆವೊ ಎಂಬ ಸಂಶೋಧಕರು ಓತಿಕ್ಯಾತದ ಕುಟುಂಬಕ್ಕೆ ಸೇರಿದ ಹಲ್ಲಿಗಳಲ್ಲಿ ತೋರಿಸಿಕೊಟ್ಟಂತೆ, ಮೈ ಬೆಚ್ಚಗಿರುವಾಗ ಓಡಿಹೋಗುವ ಪ್ರಾಣಿಯೇ ಮೈ ತಣ್ಣಗಿರುವಾಗ ನಿಂತು ಬೆದರಿಸುತ್ತದೆ, ಏಕೆಂದರೆ ಓಡಲು ಬೇಕಾದ ವೇಗ ಅದರ ಸ್ನಾಯುಗಳಲ್ಲಿ ಇರುವುದಿಲ್ಲ. ನಿಮ್ಮ ಉಡಕ್ಕೆ ಸಾಕಷ್ಟು ಬಿಸಿಯೂ ಇಲ್ಲ, ಅಡಗಲು ಸ್ಥಳವೂ ಇಲ್ಲ. ಪಶ್ಚಿಮ ಆಫ್ರಿಕಾದ ಹುಲ್ಲುಗಾವಲಿನಲ್ಲಿ ಇವು ಬಿಲಗಳಲ್ಲಿ ಬಾಳುವ ಜೀವಿಗಳು. ಕಾಯಿಸಿಕೊಳ್ಳುವ ಜಾಗದ ಮೇಲ್ಮೈಯನ್ನು 55 ಡಿಗ್ರಿಯ ಆಸುಪಾಸಿಗೆ ಏರಿಸಿ, ಇನ್ನೊಂದು ತುದಿಯನ್ನು ತಂಪಾಗಿಡಿ. ಮರದ ಚೂರು ತೆಗೆದು, ತೋಡಿದರೆ ಕುಸಿಯದಷ್ಟು ತೇವವಿರುವ ಮಣ್ಣು ಮರಳಿನ ಮಿಶ್ರಣವನ್ನು ಎರಡು ಅಡಿಯಾದರೂ ತುಂಬಿಸಿ. ಅದು ಬಿಲ ತೋಡಿ ಒಳಗೆ ಸೇರಿಕೊಂಡು ಕೆಲವು ಕಾಲ ಮುಖವನ್ನೇ ತೋರಿಸದಿದ್ದರೆ ಬೇಸರಿಸಬೇಡಿ, ಅಗೆದು ಹೊರಗೆ ತೆಗೆಯಲೂ ಬೇಡಿ. ನೀರಿನ ಪಾತ್ರೆಯನ್ನು ಅದು ಬಿಲದೊಳಗಿರುವ ಹೊತ್ತಿನಲ್ಲಿ ಬದಲಿಸಿದರೆ ಬೆದರಿಕೆಯ ಸಂದರ್ಭವೇ ಒದಗುವುದಿಲ್ಲ.