ಲಾಗ್‌ನಲ್ಲಿ ‘ಸೆಂಟ್’ ಅಂತಿದೆ, ಗಿರಾಕಿ ಮೇಲ್ ಬಂದಿಲ್ಲ ಅಂತಾರೆ

ಪೀಣ್ಯ ಲೆಕ್ಕಿಗ:
ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವನು ನಾನು. ಸರ್ವರ್ ನೋಡಿಕೊಳ್ಳುತ್ತಿದ್ದ ಹುಡುಗ ಕೆಲಸ ಬಿಟ್ಟ ಮೇಲೆ ಅದೂ ನನ್ನ ತಲೆಗೇ ಬಂತು. ಸೋಮವಾರ 11:42ಕ್ಕೆ ಒಬ್ಬರಿಗೆ ಕೊಟೇಶನ್ ಕಳಿಸಿದೆವು. ಬಂದೇ ಇಲ್ಲ ಅಂತಾರೆ, ಸ್ಪ್ಯಾಮ್‌ನಲ್ಲೂ ಇಲ್ಲವಂತೆ. ಸರ್ವರ್ ಉಬುಂಟು, ಮೇಲ್ ಕಳಿಸೋ ಸಾಫ್ಟ್‌ವೇರ್ ಪೋಸ್ಟ್‌ಫಿಕ್ಸ್. ಅದು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್‌ನಲ್ಲಿ ಅವರ ವಿಳಾಸ ಹುಡುಕಿದರೆ ‘ಸ್ಟೇಟಸ್=ಸೆಂಟ್’ ಅಂತಿದೆ, ಪಕ್ಕದಲ್ಲಿ 250 ಕೂಡ ಇದೆ. ಸ್ಕ್ರೀನ್‌ಶಾಟ್ ತೆಗೆದು ಅವರ ಮುಖಕ್ಕೆ ಹಿಡಿ ಅಂತಾರೆ ನಮ್ಮ ಯಜಮಾನರು. ಹಿಡಿಯಲಾ?

ಅಂಚೆಯಣ್ಣ:
ತಡೀರಿ, ತಡೀರಿ. 250 ಅಂದರೆ ಆಚೆ ಕಡೆಯ ಸರ್ವರ್ ‘ತಗೊಂಡೆ, ಇನ್ನು ನನ್ನ ಹೊಣೆ’ ಅಂದ ಹಾಗೆ. ಆ ಆಚೆ ಕಡೆ ಯಾರು? ಅದೇ ಸಾಲಿನಲ್ಲಿ ‘ರಿಲೇ=’ ಮುಂದೆ ಏನಿದೆ ನೋಡಿ ಹೇಳಿ.

ಪೀಣ್ಯ ಲೆಕ್ಕಿಗ:
127.0.0.1, ಪೋರ್ಟ್ 10024. ಕೊನೆಯಲ್ಲಿ ‘ಕ್ಯೂಡ್ ಆ್ಯಸ್’ ಅಂತ ಏನೋ ಒಂದು ನಂಬರ್.

ಅಂಚೆಯಣ್ಣ:
ಅದು ನಿಮ್ಮದೇ ಮಷೀನು ಸಾರ್! 10024ರಲ್ಲಿ ಸಾಮಾನ್ಯವಾಗಿ ಅಮಾವಿಸ್ ಕೂತಿರುತ್ತದೆ, ವೈರಸ್ ಸ್ಪ್ಯಾಮ್ ನೋಡೋದಕ್ಕೆ. ಅಡುಗೆಮನೆಯಿಂದ ಹಜಾರಕ್ಕೆ ಬಂದಿದೆ ಅಷ್ಟೆ, ಬೀದಿಗೆ ಇಳಿದಿಲ್ಲ. ಅಮಾವಿಸ್ ಅದನ್ನ ಪೋಸ್ಟ್‌ಫಿಕ್ಸ್‌ಗೆ ವಾಪಸ್ ಕೊಡುವಾಗ ಹೊಸ ಕ್ಯೂ ಐಡಿ (ಕಳಿಸಲು ಕಾಯುವ ಸಾಲಿನಲ್ಲಿ ಆ ಮೇಲ್‌ನ ನಂಬರ್) ಬರುತ್ತದೆ, ಆ ‘ಕ್ಯೂಡ್ ಆ್ಯಸ್’ ನಂಬರೇ ಅದು. ಈಗ ವಿಳಾಸ ಬಿಟ್ಟು ಆ ನಂಬರ್ ಹುಡುಕಿ. ನಿಜವಾದ ಕಥೆ ಅಲ್ಲಿರುತ್ತದೆ.

ಪೀಣ್ಯ ಲೆಕ್ಕಿಗ:
ಅಯ್ಯೋ. ಸಾಲು ಸಾಲು ‘ಸ್ಟೇಟಸ್=ಡಿಫರ್ಡ್’ ಅಂದರೆ ಆಮೇಲೆ ನೋಡೋಣ ಅಂತ, ‘ರಿಲೇ=ನನ್’ ಅಂದರೆ ಆಚೆ ಯಾರೂ ಸಿಕ್ಕಿಲ್ಲ ಅಂತ, ‘ಕನೆಕ್ಷನ್ ಟೈಮ್ಡ್ ಔಟ್’. ಮೊದಲು ‘ಸೆಂಟ್’ ಕಂಡ ಖುಷಿಯಲ್ಲಿ ಕೆಳಗೆ ನೋಡಿಯೇ ಇರಲಿಲ್ಲ. ಆದರೆ ಇಷ್ಟೆಲ್ಲಾ ಆದರೂ ನಮಗೆ ಮೇಲ್ ತಲುಪಿಲ್ಲ ಅಂತ ಒಂದು ಬೌನ್ಸ್ ಕೂಡ ಬರಲಿಲ್ಲವಲ್ಲ?

ರಾತ್ರಿಪಾಳಿ:
ಬರಲ್ಲ. ಪೋಸ್ಟ್‌ಫಿಕ್ಸ್ ಸುಮ್ನೆ ಬಿಟ್ಟರೆ 5 ದಿನ ಪ್ರಯತ್ನಿಸುತ್ತದೆ, ಆಮೇಲೆ ಬೌನ್ಸ್ ಮಾಡುತ್ತದೆ. ತಡವಾಗುತ್ತಿದೆ ಅಂತ ಕಳಿಸಿದವರಿಗೆ ಹೇಳುವ ಸೆಟ್ಟಿಂಗ್ ಇದೆ, ಆದರೆ ಅದು ಮೊದಲಿಂದ ಆಫ್ ಇರುತ್ತದೆ. ಬೇರೆಯವರಿಗೆ ಮೇಲ್ ಹೋಗುತ್ತಿದ್ದರೆ ಮೇಲ್ ಹೊರಗೆ ಹೋಗುವ ನಿಮ್ಮ ಪೋರ್ಟ್ 25 ಸರಿ ಇದೆ, ಅವರ ಕಡೆ ಕೇಳಿ. ಕೇಳುವಾಗ ಸಮಯ ನೋಡಿಕೊಳ್ಳಿ, ಸರ್ವರ್ ಗಡಿಯಾರ ಯುಟಿಸಿಯಲ್ಲಿದ್ದರೆ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ) ನಿಮ್ಮ 11:42 ಲಾಗ್‌ನಲ್ಲಿ 06:12 ಆಗಿರುತ್ತದೆ. ನಾನು ಒಮ್ಮೆ ಇದೇ ಐದೂವರೆ ಗಂಟೆಗೆ ಅರ್ಧ ರಾತ್ರಿ ತಪ್ಪು ಸಾಲು ಓದುತ್ತಾ ಕೂತಿದ್ದೆ.

ಪೀಣ್ಯ ಲೆಕ್ಕಿಗ:
ಬುಧವಾರ ಸಂಜೆಯ ಸುದ್ದಿ: ಅವರು ಹೊಸ ಫೈರ್‌ವಾಲ್ ಹಾಕಿದ್ದಾರಂತೆ, ಅದು ನಮ್ಮ ಐಪಿಯನ್ನ ತಡೆದಿತ್ತು. ಆ ತಡೆ ತೆಗೆಸಿದ ಮೇಲೆ ಕ್ಯೂ ಫ್ಲಶ್ ಮಾಡಿದೆ, ಅಂದರೆ ಕಾಯುತ್ತಿದ್ದ ಮೇಲ್‌ಗಳನ್ನ ಈಗಲೇ ಕಳಿಸು ಅಂದೆ. ಈಗ ರಿಲೇಯಲ್ಲಿ ಅವರ ಸರ್ವರ್ ಹೆಸರೇ ಇದೆ, 250, ಡಿಲೇ 190000 ಸೆಕೆಂಡ್ ದಾಟಿದೆ! ಈಗಲಾದರೂ ತಲುಪಿತು ಅನ್ನಬಹುದಾ?

ಅಂಚೆಯಣ್ಣ:
ಅವರ ಸರ್ವರ್‌ಗೆ ತಲುಪಿತು, ಇನ್‌ಬಾಕ್ಸ್‌ಗೆ ಅಂತ ನಿಮ್ಮ ಲಾಗ್ ಹೇಳಲ್ಲ. ಸಿಗದಿದ್ದರೆ 250 ಪಕ್ಕದ ಬ್ರಾಕೆಟ್‌ನಲ್ಲಿರೋದನ್ನ ಹಾಗೇ ಅವರ ಐಟಿಯವರಿಗೆ ಕೊಡಿ, ಅದರಲ್ಲಿ ಹೆಚ್ಚಾಗಿ ಅವರದೇ ಕ್ಯೂ ನಂಬರ್ ಇರುತ್ತದೆ.

ಪೀಣ್ಯ ಲೆಕ್ಕಿಗ:
ಸಿಕ್ಕಿತಂತೆ, ಈಗಷ್ಟೇ ಫೋನ್ ಬಂತು. ರೇಟ್ ಜಾಸ್ತಿ ಅಂದರು.