ಹಾರಂಗಿ ನೀರಿನ ಪ್ಲಾಂಕ್ಟನ್: ಡಿಎನ್‌ಎ ಲೆಕ್ಕ ನಂಬಬಹುದಾ?

ಪ್ರಶ್ನೆ, ಕುಶಾಲನಗರದಿಂದ:
ಹೂಮಳೆ ಬಿದ್ದ ವಾರ ಹಾರಂಗಿ ಹಿನ್ನೀರಿನಿಂದ ಒಂದು ಲೀಟರ್ ನೀರು ತಂದು ಸೋಸಿದೆ. ಫಿಲ್ಟರ್ ಮೇಲೆ ತೆಳ್ಳಗೆ ಹಸಿರು ಬಳಿದ ಹಾಗಿತ್ತು, ಅಷ್ಟೇ. ಮೈಕ್ರೋಸ್ಕೋಪಿನಲ್ಲಿ ಎರಡು ದಿನ ಕೂತು ಗುರುತಿಸಿದ್ದು 34 ಜಾತಿ ಪ್ಲಾಂಕ್ಟನ್, ಅಂದರೆ ನೀರಲ್ಲಿ ತೇಲುವ ಸಣ್ಣ ಜೀವಿಗಳು. ಜಾತಿ ಗುರುತಿಸಲು ಬಳಸುವ 18ಎಸ್ ಜೀನಿನ ಸೀಕ್ವೆನ್ಸಿಂಗ್ (ಡಿಎನ್‌ಎ ಅಕ್ಷರಗಳನ್ನು ಸಾಲಾಗಿ ಓದುವುದು) ಮಾಡಿಸಿದರೆ 600 ದಾಟಿದೆ! ಯಾವುದು ಸರಿ?

ಉತ್ತರ, ಮಡಿಕೇರಿಯಿಂದ:
ಸೀಕ್ವೆನ್ಸಿಂಗ್‌ನಲ್ಲಿ ಒಂದು ಅಕ್ಷರ ತಪ್ಪಿದರೂ ಅದು ಹೊಸ ಜಾತಿಯ ಹಾಗೆ ಕಾಣುತ್ತದೆ. ಡಾಡಾ2 ಅನ್ನೋ ಸಾಫ್ಟ್‌ವೇರ್ ಹಾಕಿ ಇಂಥ ತಪ್ಪುಗಳನ್ನು ತೆಗೆದಿದ್ದೀರಾ? ಆದರೆ ಆಮೇಲೆ ಚಾವೋ1 (ಕಾಣದೇ ಉಳಿದ ಜಾತಿಗಳನ್ನೂ ಸೇರಿಸಿ ಅಂದಾಜಿಸುವ ಸೂತ್ರ) ಲೆಕ್ಕ ಹಾಕಬೇಡಿ. ಒಂದೇ ಸಲ ಕಂಡವು ಎಷ್ಟು ಅನ್ನೋದರ ಮೇಲೆ ಅದು ನಿಂತಿದೆ, ಡಾಡಾ2 ಅವನ್ನೇ ಕೈಬಿಡುತ್ತದೆ.

ಉತ್ತರ, ವಿರಾಜಪೇಟೆಯಿಂದ:
ಇನ್ನೊಂದು ಮಾತು. 18ಎಸ್ ಪ್ಲಾಂಕ್ಟನ್ ಒಂದನ್ನೇ ಹಿಡಿಯೋದಿಲ್ಲ, ಮೀನು, ಹುಳ, ಗಿಡ ಎಲ್ಲಾ ಬರುತ್ತದೆ. ಹೂಮಳೆ ಸಮಯ ಅಂದ್ರಿ, ಸುತ್ತ ತೋಟಗಳಲ್ಲಿ ಕಾಫಿ ಅರಳಿರುತ್ತದೆ, ಅದರ ಪರಾಗವೂ ನಿಮ್ಮ ಪಟ್ಟಿಯಲ್ಲಿ ಕೂತಿರಬಹುದು, ಮೊದಲು ಅದನ್ನು ಬೇರೆ ಮಾಡಿ. ರೀಡ್ (ಯಂತ್ರ ಓದಿದ ಡಿಎನ್‌ಎ ತುಣುಕು) ಜಾಸ್ತಿ ಅಂದರೆ ಜೀವಿ ಜಾಸ್ತಿ ಅಂತಲೂ ಅಲ್ಲ. ಡೈನೋಫ್ಲಾಜೆಲೇಟ್ ಅನ್ನೋ ಏಕಕೋಶ ಪ್ಲಾಂಕ್ಟನ್‌ಗಳಲ್ಲಿ ಕೆಲವದರ ಒಂದೇ ಕೋಶದಲ್ಲಿ ಈ ಜೀನಿನ ಸಾವಿರಾರು ಪ್ರತಿ ಇರುತ್ತವೆ.

ಉತ್ತರ, ಸೋಮವಾರಪೇಟೆಯಿಂದ:
ಹಾಗಂತ ಪೂರ್ತಿ ತಳ್ಳಿಹಾಕಬೇಡಿ. 2009ರಿಂದ 2013ರವರೆಗೆ ತಾರಾ ಅನ್ನೋ ಸಂಶೋಧನಾ ಹಡಗು ಸಮುದ್ರಗಳಲ್ಲಿ ಇದೇ ಕೆಲಸ ಮಾಡಿತು. ಹೆಸರಿಟ್ಟಿದ್ದ ಪ್ಲಾಂಕ್ಟನ್ ಜಾತಿ ಸುಮಾರು 11,000, ಡಿಎನ್‌ಎ ಅಂದಾಜು ಜಾತಿಯಂಥ 1,50,000 ಗುಂಪು. ಎರಡು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗ) ಜೀವಿ ಮೈಕ್ರೋಸ್ಕೋಪಿನಲ್ಲೂ ನಮ್ಮ ಕಣ್ಣಿಗೆ ಬರೀ ಚುಕ್ಕೆ ಅಲ್ವಾ? ಅದೇ ಜಾಗದಿಂದ ಮೂರು ಬಾಟಲಿ ತನ್ನಿ, ಜೊತೆಗೆ ಹೊರಗಿನ ಡಿಎನ್‌ಎ ಸೇರಿದೆಯಾ ನೋಡಲು ಬರೀ ಶುದ್ಧ ನೀರಿನದೊಂದು. ಮೂರರಲ್ಲೂ ಬಂದು ಶುದ್ಧ ನೀರಿನದರಲ್ಲಿ ಬಾರದೇ ಇದ್ದದ್ದನ್ನು ನಾನಾದರೆ ಧೈರ್ಯವಾಗಿ ಎಣಿಸುತ್ತೇನೆ.