ಈಜಿಪ್ಟ್ ಕಾದಂಬರಿ ಕನ್ನಡದಲ್ಲಿ: ನನಗೆ ಜಾಗ ಇದೆಯಾ?

ಎರಡು ವರ್ಷದಿಂದ ಪ್ರಾಚೀನ ಈಜಿಪ್ಟಿನ ಮೇಲೆ ಕಾದಂಬರಿ ಬರೆಯುತ್ತಿದ್ದೇನೆ. ರಾಣಿ ನೆಫರ್ಟಿಟಿಯ ದಾಸಿಯೊಬ್ಬಳ ಕಥೆ. ಐದು ಅಧ್ಯಾಯ ಆಗಿ ನಿಂತುಬಿಟ್ಟಿದೆ. ಓದಿದ ಗೆಳತಿ "ಪೌರಾಣಿಕ ಸೀರಿಯಲ್ ಥರ ಇದೆ ಕಣೇ" ಅಂದಳು. ಮನೆಯಲ್ಲಿ "ಹೊಯ್ಸಳರ ಮೇಲೆ ಬರೆಯಬಾರದಾ?" ಅಂತಾರೆ. ಇಂಥದ್ದು ಬರೆದವರು, ಬರೆಯಲು ಹೋಗಿ ಕೈಬಿಟ್ಟವರು ಯಾರಾದರೂ ಇದ್ದೀರಾ?

ಉತ್ತರ 1

ನಾನು ಕೈಬಿಟ್ಟು ಮತ್ತೆ ಹಿಡಿದವಳು. ನನ್ನದೂ ಅರಮನೆಯಿಂದಲೇ ಶುರುವಾಗಿತ್ತು. ಚಿನ್ನ, ಸಂಚು, ವಿಷದ ಬಟ್ಟಲು. ಮೂರನೇ ಅಧ್ಯಾಯಕ್ಕೆ ನನಗೇ ಬೇಜಾರು ಬಂತು.

ಆಮೇಲೆ ದೇರ್ ಎಲ್-ಮದೀನಾ ಸಿಕ್ಕಿತು. ಲಕ್ಸರ್ ಎದುರಿಗೆ, ನೈಲ್‌ನ ಪಶ್ಚಿಮ ದಡದಲ್ಲಿ, ರಾಜರ ಕಣಿವೆಯ ಗೋರಿಗಳನ್ನು ಕೊರೆದು ಚಿತ್ರ ಬರೆದವರ ಊರು. ಸುಮಾರು 70 ಮನೆ. ನೀರು ಕತ್ತೆ ಮೇಲೆ ಬರಬೇಕು. ಆ ಜನ ಸುಣ್ಣಕಲ್ಲಿನ ಚಕ್ಕೆ, ಒಡೆದ ಮಡಕೆ ಚೂರಿನ ಮೇಲೆ ಎಲ್ಲವನ್ನೂ ಬರೆದಿಟ್ಟಿದ್ದಾರೆ. ಸಾಲ, ಜಗಳ, ಕತ್ತೆ ಬಾಡಿಗೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ಅವರ ಒಂದು ಹಾಜರಿ ಪಟ್ಟಿ ಇದೆ, ರಾಜ ಎರಡನೇ ರಾಮ್ಸೆಸ್‌ನ ಆಳ್ವಿಕೆಯ 40ನೇ ವರ್ಷದ್ದು. ಕೆಲಸಕ್ಕೆ ಯಾರು ಬಂದಿಲ್ಲ, ಯಾಕೆ ಬಂದಿಲ್ಲ ಅಂತ. ಒಬ್ಬನಿಗೆ ಚೇಳು ಕಡಿದಿದೆ. ಒಬ್ಬ ಬಿಯರ್ ಮಾಡುತ್ತಿದ್ದಾನೆ. ಒಬ್ಬ ತಾಯಿಯ ಶವಕ್ಕೆ ಬಟ್ಟೆ ಸುತ್ತುತ್ತಿದ್ದಾನೆ. ಮನೆಯ ಹೆಂಗಸು ಮುಟ್ಟಾಗಿದ್ದಾಳೆ ಅಂತಲೂ ರಜೆ ಹಾಕಿದ್ದಾರೆ! ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಅದೇ ಊರಿನಲ್ಲಿ ನೌನಖ್ತೆ ಅಂತ ಒಬ್ಬಳು ಮುದುಕಿ ಇದ್ದಳು. ಎಂಟು ಮಕ್ಕಳನ್ನು ಸಾಕಿದೆ, ವಯಸ್ಸಾದ ಮೇಲೆ ನನ್ನನ್ನು ನೋಡಿಕೊಳ್ಳದವರಿಗೆ ನನ್ನ ಆಸ್ತಿ ಕೊಡುವುದಿಲ್ಲ ಅಂತ ಸಾಕ್ಷಿಗಳ ಮುಂದೆ ಹೇಳಿ ಬರೆಸಿದಳು. ಈ ಕಥೆಗೆ ವಿಷದ ಬಟ್ಟಲು ಯಾಕೆ ಬೇಕು ಹೇಳಿ? ನೀವು ಈ ಊರಿಗೆ ಬಂದರೆ ನೆಫರ್ಟಿಟಿಯನ್ನು ಬಿಡಬೇಕಾಗುತ್ತೆ, ನೌನಖ್ತೆ ಅವಳಿಗಿಂತ ಸುಮಾರು 200 ವರ್ಷ ಈಚಿನವಳು. ಬಿಟ್ಟರೆ ನಷ್ಟ ಇಲ್ಲ. ರಾಣಿಯರ ಮೇಲೆ ಬರೆಯುವವರು ಜಾಸ್ತಿ ಇದ್ದಾರೆ.

ಉತ್ತರ 2

ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ಮೂರನೇ ರಾಮ್ಸೆಸ್‌ನ ಆಳ್ವಿಕೆಯ 29ನೇ ವರ್ಷ ಇದೇ ಊರಿನ ಕೆಲಸಗಾರರು ಮುಷ್ಕರ ಹೂಡಿದರು. ಸಂಬಳದ ಧಾನ್ಯ ಬಂದಿರಲಿಲ್ಲ. ಕೆಲಸ ಬಿಟ್ಟು ಹೋಗಿ ದೇವಸ್ಥಾನದ ಹಿಂದೆ ಕೂತರು. ಇದನ್ನೆಲ್ಲ ಬರೆದಿಟ್ಟ ಪಪೈರಸ್ (ಜೊಂಡಿನ ಹಾಳೆ) ಈಗ ಇಟಲಿಯ ಟೂರಿನ್‌ನಲ್ಲಿದೆ.

ಈ ಭಾಗವನ್ನು ನಾನು ಬರೆಯಲು ಹೋದಾಗ ಮೊದಲು "ವೇತನ", ಆಮೇಲೆ "ರೇಷನ್" ಅಂತ ಹಾಕಿದ್ದೆ. ಒಂದೂ ಕೂರಲಿಲ್ಲ. ಅವರಲ್ಲಿ ನಾಣ್ಯವೇ ಇಲ್ಲವಲ್ಲ. ಒಂದು ದಿನ ಅಜ್ಜಿಯ ಬಾಯಲ್ಲಿ "ಪಡಿ" ಅಂತ ಬಂತು. ಪಡಿ ಅಳೆಯುವುದು, ಪಡಿ ಕೊಡುವುದು. ಆ ಒಂದು ಪದ ಸಿಕ್ಕಿದ ಮೇಲೆ ಪಾತ್ರಗಳು ತಾವಾಗಿಯೇ ಜಗಳ ಆಡಲು ಶುರು ಮಾಡಿದವು. "ತಿಂಗಳಾಯ್ತು, ಪಡಿ ಬಂದಿಲ್ಲ." ಕನ್ನಡದಲ್ಲಿ ಬರೆಯುವುದರ ಲಾಭ ಅಂದರೆ ಇದೇ ನೋಡಿ.

ಉತ್ತರ 3

ಅಕ್ಕಾರ, ನಾನು ಬಾಗಲಕೋಟೆ ಕಡೆಯವನು. ಕಾದಂಬರಿ ಬರೆದವನಲ್ಲ, ಒಕ್ಕಲುತನ. ಆದರೆ ಆ ಜನ ರೊಟ್ಟಿಗೆ ಬಳಸುತ್ತಿದ್ದ ಎಮ್ಮರ್ ಗೋಧಿ ಬೇರೆ ಏನಲ್ಲ, ನಮ್ಮ ಕಡೆ ಸದಕ, ಜವೆಗೋಧಿ, ಖಪ್ಲಿ ಅಂತ ಕರೆಯುವ ಜಾತಿಯದೇ. ಹುಗ್ಗಿಗೆ ಅದೇ ಆಗಬೇಕು. ಕಣದಲ್ಲಿ ಎಷ್ಟು ಬಡಿದರೂ ಹೊಟ್ಟು ಬಿಡುವುದಿಲ್ಲ. ಸ್ವಲ್ಪ ನೀರು ಚಿಮುಕಿಸಿ ಒರಳಿನಲ್ಲಿ ಕುಟ್ಟಬೇಕು, ಕೇರಬೇಕು, ಮತ್ತೆ ಕುಟ್ಟಬೇಕು. ಅವರೂ ನೆಲದಲ್ಲಿ ಹುಗಿದ ಕಲ್ಲಿನ ಒರಳಿನಲ್ಲೇ ಕುಟ್ಟುತ್ತಿದ್ದರು, ಆಮೇಲೆ ಕಲ್ಲಿನ ಮೇಲೆ ಅರೆಯುತ್ತಿದ್ದರು. ಹಿಟ್ಟಿನಲ್ಲಿ ಮರಳು. ಮಮ್ಮಿಗಳ ಹಲ್ಲು ಸವೆದಿರುವುದಕ್ಕೆ ಅದೂ ಒಂದು ಕಾರಣ ಅಂತಾರೆ. ನಿಮ್ಮ ದಾಸಿಯನ್ನು ಒಂದು ಅಧ್ಯಾಯ ಸುಮ್ನೆ ಕುಟ್ಟಲು ಕೂರಿಸಿ. ಅಂಗೈ ಬೊಬ್ಬೆ ಬರಲಿ.

ಉತ್ತರ 4

ಅಡುಗೆಮನೆ ಒಮ್ಮೆ ಜಾಲಾಡಿ. ಟೊಮೇಟೊ, ಆಲೂಗಡ್ಡೆ, ಮೆಣಸಿನಕಾಯಿ, ಮೆಕ್ಕೆಜೋಳದ ತೆನೆ ಸುಡುವುದು, ಸಕ್ಕರೆ, ಯಾವುದೂ ಇರಬಾರದು. ಈರುಳ್ಳಿ, ಬೆಳ್ಳುಳ್ಳಿ, ಮೀನು, ಖರ್ಜೂರ ಧಾರಾಳ. ಹಾಗೇ ನೆನಪಿರಲಿ, ಅವರ ವಾರಕ್ಕೆ ಹತ್ತು ದಿನ.

ಇನ್ನೊಂದು. ಈಜಿಪ್ಟ್ ಅಂದ ಕೂಡಲೇ ಯಾರಾದರೂ ನಿಮಗೆ ಈಜಿಪ್ಟಿನ ಆಕ್ಸಿರಿಂಕಸ್ ಊರಿನಲ್ಲಿ ಸಿಕ್ಕ ಗ್ರೀಕ್ ನಾಟಕದ ಪಪೈರಸ್‌ನಲ್ಲಿರುವ "ಕನ್ನಡ ಮಾತು" ಕಳಿಸುತ್ತಾರೆ. ಅದು ಕನ್ನಡವೇ ಅನ್ನುವುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಅದಿರಲಿ, ಅದು ರೋಮನ್ನರ ಕಾಲದ ನಾಟಕ. ರಾಮ್ಸೆಸ್ ಸತ್ತು ಸಾವಿರ ವರ್ಷದ ಮೇಲಾಗಿತ್ತು. ಖುಷಿಪಟ್ಟು ಪಕ್ಕಕ್ಕಿಡಿ.

ಕೇಳಿದವಳು

ಎಲ್ಲರಿಗೂ ಥ್ಯಾಂಕ್ಸ್. ಅರಮನೆ ಬಿಟ್ಟೆ. ಆದರೆ ಐದನೇ ಅಧ್ಯಾಯದಲ್ಲಿ ದಾಸಿ ರಾತ್ರೋರಾತ್ರಿ ಒಂಟೆ ಹತ್ತಿ ಓಡಿಹೋಗುತ್ತಾಳೆ. ಆಗ ಒಂಟೆ ಸವಾರಿ ಇರಲಿಲ್ಲ ಅಂತ ಈಗ ಗೊತ್ತಾಯಿತು. ಕತ್ತೆ ಮಾಡಲಾ?

ಉತ್ತರ 1

ಕತ್ತೆ ಮೇಲಾದರೆ ಬೆಳಗಾಗುವಷ್ಟರಲ್ಲಿ ಸಿಕ್ಕಿಬೀಳುತ್ತಾಳೆ! ದೋಣಿ ಹತ್ತಿಸಿ. ಉತ್ತರಕ್ಕೆ ಹೋಗುವುದಾದರೆ ಹೊಳೆಯ ಹರಿವಿನ ಜೊತೆ, ಹುಟ್ಟು ಹಾಕಿಕೊಂಡು. ದಕ್ಷಿಣಕ್ಕಾದರೆ ಹಾಯಿ ಬಿಚ್ಚಬೇಕು, ಅಲ್ಲಿ ಗಾಳಿ ಉತ್ತರದಿಂದ ಬೀಸುತ್ತೆ. ಯಾವ ಕಡೆ ಹೋಗಬೇಕು ಅಂತ ಅವಳನ್ನೇ ಕೇಳಿ.